ವಿಂಟರ್ ಬ್ರೇಕ್ ಮತ್ತು ಅಮೆರಿಕದ ಪಬ್ಲಿಕ್ ಲೈಬ್ರರಿ: ಕನ್ನಡ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಥ್ಯಾಂಕ್ಸ್‌ಗಿವಿಂಗ್ ಮುಗಿದ ಕೂಡಲೇ ನಮ್ಮ ಕನ್ನಡ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಲೈಬ್ರರಿ ಪ್ರಶ್ನೆಗಳು ಶುರುವಾಗುತ್ತವೆ. ಮಕ್ಕಳಿಗೆ ರಜೆ. ಹೊರಗೆ ಚಳಿ. ಊರಿಂದ ಬಂದ ಅಪ್ಪ ಅಮ್ಮ ಮನೆಯೊಳಗೆ. ಎಲ್ಲಿಗೆ ಹೊರಟರೂ ಖರ್ಚು. ಲೈಬ್ರರಿಗೆ ಮಾತ್ರ ಖರ್ಚಿಲ್ಲ. ಆದರೂ ನಮ್ಮಲ್ಲಿ ಹೆಚ್ಚಿನವರು ಅದನ್ನು ಮಕ್ಕಳಿಗೆ ಪುಸ್ತಕ ತರುವ ಜಾಗ ಅಂತಷ್ಟೇ ನೋಡುತ್ತಾರೆ. ಅಲ್ಲಿರುವ ಅರ್ಧ ಸೌಲಭ್ಯ ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಸಿಗುತ್ತದೆ. ಅದಕ್ಕೇ ಈ ಪಟ್ಟಿ.

ಒಂದು ಮಾತು ಮೊದಲೇ. ಇಲ್ಲಿ ಲೈಬ್ರರಿ ನಡೆಸುವುದು ಊರು, ಕೌಂಟಿ ಅಥವಾ ಲೈಬ್ರರಿ ಡಿಸ್ಟ್ರಿಕ್ಟ್. ಪಕ್ಕದೂರಿನ ನಿಯಮ ನಿಮ್ಮೂರಲ್ಲಿ ನಡೆಯದೆ ಹೋಗಬಹುದು. ಕೆಳಗಿನದ್ದನ್ನು ಓದಿಕೊಂಡು, ನಿಮ್ಮ ಲೈಬ್ರರಿಗೆ ಒಂದು ಫೋನ್ ಮಾಡಿ. ಅವರು ಫೋನ್ ಎತ್ತುತ್ತಾರೆ, ಬೇಸರಿಸಿಕೊಳ್ಳದೆ ಮಾತಾಡುತ್ತಾರೆ.

ರಜೆಯಲ್ಲಿ ಲೈಬ್ರರಿಯೂ ಮುಚ್ಚಿರುತ್ತಾ?

ಶಾಲೆಗಳಿಗೆ ಸಾಮಾನ್ಯವಾಗಿ ಡಿಸೆಂಬರ್ ಮೂರನೇ ವಾರದ ಕೊನೆಯಿಂದ ಹೊಸ ವರ್ಷದವರೆಗೆ ರಜೆ. ಲೈಬ್ರರಿಗೆ ಅಷ್ಟು ರಜೆ ಇಲ್ಲ. ಡಿಸೆಂಬರ್ 25 ಮತ್ತು ಜನವರಿ 1 ಮುಚ್ಚಿರುತ್ತದೆ ಅಂತಲೇ ಇಟ್ಟುಕೊಳ್ಳಿ. 24 ಮತ್ತು 31ರಂದು ಕೆಲವು ಕಡೆ ಅರ್ಧ ದಿನ, ಕೆಲವು ಕಡೆ ಪೂರ್ತಿ ರಜೆ. ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನ. ಅಂದು ಶಾಲೆಗೆ ರಜೆ, ಹೆಚ್ಚಿನ ಲೈಬ್ರರಿಗಳಿಗೂ ರಜೆ. ಮಕ್ಕಳನ್ನು ಕಾರಲ್ಲಿ ಕೂರಿಸಿಕೊಂಡು ಹೋಗಿ ಬಾಗಿಲು ಹಾಕಿದ್ದು ನೋಡಿ ವಾಪಸ್ ಬರುವವರು ಈ ಸೋಮವಾರವೇ ಜಾಸ್ತಿ.

ಮುಚ್ಚಿರುವ ದಿನ ಪುಸ್ತಕ ವಾಪಸ್ ಕೊಡಬೇಕಲ್ಲ ಅಂತ ಚಿಂತೆ ಬೇಡ. ಸಾಮಾನ್ಯವಾಗಿ ಆ ದಿನಕ್ಕೆ ಗಡುವು ಬೀಳುವುದಿಲ್ಲ. ಹೊರಗಿನ ಬುಕ್ ಡ್ರಾಪ್ ತುಂಬಿ ಬಾಯಿವರೆಗೆ ಬಂದಿದ್ದರೆ ಒತ್ತಿ ತುರುಕಬೇಡಿ. ಪುಸ್ತಕದ ಬೆನ್ನು ಮುರಿಯುತ್ತದೆ.

ಹೊಸದಾಗಿ ಬಂದಿದ್ದೇವೆ. ಕಾರ್ಡ್ ಮಾಡಿಸೋಕೆ ಏನೇನು ಬೇಕು? ವೀಸಾ ಕೇಳ್ತಾರಾ?

ವೀಸಾ ಕೇಳುವುದಿಲ್ಲ. ಬೇಕಿರುವುದು ಎರಡು: ಫೋಟೋ ಇರುವ ಗುರುತಿನ ಚೀಟಿ, ಮತ್ತು ನೀವು ಆ ಊರಲ್ಲಿ ಇದ್ದೀರಿ ಅನ್ನುವುದಕ್ಕೆ ಏನಾದರೊಂದು ಪುರಾವೆ. ಡ್ರೈವರ್ ಲೈಸೆನ್ಸ್ ಇದ್ದರೆ ಎರಡೂ ಅದರಲ್ಲೇ ಆಯಿತು. ಇನ್ನೂ ಲೈಸೆನ್ಸ್ ಬಂದಿಲ್ಲ ಅಂದರೆ ಪಾಸ್‌ಪೋರ್ಟ್ ಜೊತೆ ಮನೆ ಬಾಡಿಗೆ ಕರಾರು, ಕರೆಂಟ್ ಬಿಲ್ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್ ಒಯ್ಯಿರಿ. ಎಚ್-4ನಲ್ಲಿ, ಅಂದರೆ ಗಂಡನ ಕೆಲಸದ ವೀಸಾದ ಮೇಲೆ ಅವಲಂಬಿತರಾಗಿ ಬಂದ ಹೆಂಗಸರ ಹೆಸರಲ್ಲಿ ಬಿಲ್ ಯಾವುದೂ ಇರುವುದಿಲ್ಲ, ಅದೇ ತೊಡಕು. ಆಗ ಗಂಡ ಹೆಂಡತಿ ಇಬ್ಬರೂ ಜೊತೆಗೆ ಹೋಗಿ ಕೌಂಟರಿನಲ್ಲಿ ವಿಷಯ ಹೇಳಿ. ಏನಾದರೂ ದಾರಿ ಹುಡುಕುತ್ತಾರೆ.

ನಿಮ್ಮ ಊರಿನ ಲೈಬ್ರರಿ ಚಿಕ್ಕದಾಗಿದ್ದರೆ ಅಲ್ಲಿಗೇ ನಿಲ್ಲಬೇಡಿ. ನ್ಯೂಯಾರ್ಕ್ ರಾಜ್ಯದಲ್ಲಿ ಎಲ್ಲೇ ಇದ್ದರೂ, ಕೆಲಸ ಮಾಡುತ್ತಿದ್ದರೂ, ಓದುತ್ತಿದ್ದರೂ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಕಾರ್ಡ್ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಆ ರಾಜ್ಯದ ಬಹುತೇಕ ಎಲ್ಲ ಪಬ್ಲಿಕ್ ಲೈಬ್ರರಿಗಳೂ ಕಾರ್ಡ್ ಕೊಡುತ್ತವೆ. ಎರಡು ಮೂರು ಕಾರ್ಡ್ ಇಟ್ಟುಕೊಂಡರೆ ಇ-ಪುಸ್ತಕಕ್ಕೆ ಕಾಯುವ ಸಾಲು ಬೇಗ ಕರಗುತ್ತದೆ.

ನಿಜವಾಗಲೂ ಎಲ್ಲ ಫ್ರೀನಾ? ದುಡ್ಡು ಯಾರು ಕೊಡ್ತಾರೆ?

ನೀವೇ ಕೊಡುತ್ತಿದ್ದೀರಿ. ಹೆಚ್ಚಿನ ಕಡೆ ಆಸ್ತಿ ತೆರಿಗೆಯಿಂದ ಲೈಬ್ರರಿ ನಡೆಯುತ್ತದೆ. ಬಾಡಿಗೆ ಮನೆಯವರೂ ಬಾಡಿಗೆಯೊಳಗೆ ಅದನ್ನು ಕಟ್ಟಿದಂತೆಯೇ. ಇದು ನಮಗೆ ಹೊಸದಲ್ಲ. ಕರ್ನಾಟಕದಲ್ಲೂ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ. ಕಂದಾಯದ ರಸೀದಿಯಲ್ಲಿ ಆ ಸಾಲು ಇರುತ್ತದೆ, ನಾವು ಓದುವುದಿಲ್ಲ ಅಷ್ಟೇ. ಆದ್ದರಿಂದ ಕೌಂಟರಿನಲ್ಲಿ ಕೇಳುವಾಗ ಸಂಕೋಚ ಬೇಡ.

ಊರಿಂದ ಬಂದಿರುವ ಅಪ್ಪ ಅಮ್ಮನಿಗೆ ಕಾರ್ಡ್ ಸಿಗುತ್ತಾ?

ಕೆಲವು ಕಡೆ ಸಿಗುತ್ತದೆ, ಕೆಲವು ಕಡೆ ಇಲ್ಲ. ವಿಳಾಸದ ಪುರಾವೆ ಕೇಳುವ ಲೈಬ್ರರಿಗಳಲ್ಲಿ ಅವರ ಹೆಸರಿಗೆ ಬಂದ ಒಂದು ಅಂಚೆ ಕಾಗದವೇ ಸಾಕಾಗಬಹುದು. ಸಿಗದಿದ್ದರೂ ನಷ್ಟವೇನಿಲ್ಲ. ಒಳಗೆ ಹೋಗೋಕೆ, ಕೂತು ಓದೋಕೆ, ಕಾರ್ಯಕ್ರಮ ನೋಡೋಕೆ ಯಾವ ಕಾರ್ಡೂ ಬೇಡ. ಕಂಪ್ಯೂಟರಿಗೆ ಗೆಸ್ಟ್ ಪಾಸ್ ಕೇಳಿ. ಮನೆಗೆ ತರುವ ಪುಸ್ತಕ ನಿಮ್ಮ ಕಾರ್ಡಿನ ಮೇಲೆ ಬರಲಿ.

ಅಪ್ಪ ಅಮ್ಮನಿಗೆ ಮನೆಯಲ್ಲಿ ಕೂತು ಕೂತು ಬೇಜಾರಾಗಿದೆ. ಅಲ್ಲಿ ಅವರಿಗೆ ಏನಿದೆ?

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕು. ಡಿಸೆಂಬರಿನಲ್ಲಿ ಸಿಯಾಟಲ್, ಶಿಕಾಗೊ ಕಡೆ ಸಂಜೆ ನಾಲ್ಕೂ ಇಪ್ಪತ್ತಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಬೇಸಿಗೆಯಲ್ಲಿ ಪಾರ್ಕಿನಲ್ಲಿ ನಡೆದಾಡಿ ನಾಲ್ಕು ಜನರ ಜೊತೆ ಮಾತಾಡುತ್ತಿದ್ದ ಹಿರಿಯರು ಈಗ ಕಿಟಕಿ ಪಕ್ಕ ಕೂತು ಟೈಮ್ ನೋಡುತ್ತಾರೆ. ಅವರಿಗೆ ಬೇಕಿರುವುದು ಪುಸ್ತಕಕ್ಕಿಂತ ಹೆಚ್ಚಾಗಿ ಬೆಚ್ಚಗಿನ ಜಾಗ, ಬೆಳಕು, ಜನ.

ಮೊದಲನೆಯದು ಇಂಗ್ಲಿಷ್ ಮಾತಿನ ಗುಂಪು. ಟಾಕ್ ಟೈಮ್, ಕಾನ್ವರ್ಸೇಷನ್ ಸರ್ಕಲ್ ಅಂತೆಲ್ಲ ಹೆಸರಿರುತ್ತದೆ. ವಾರಕ್ಕೊಂದು ಸಲ ಒಂದು ಒಂದೂವರೆ ಗಂಟೆ, ಒಬ್ಬ ಸ್ವಯಂಸೇವಕರ ಜೊತೆ ಬೇರೆ ಬೇರೆ ದೇಶದವರು ಕೂತು ಮಾತಾಡುತ್ತಾರೆ. ನಮ್ಮ ತಾಯಂದಿರು "ನನಗೆ ಇಂಗ್ಲಿಷ್ ಬರಲ್ಲಪ್ಪ" ಅಂತ ಹಿಂದೆ ಸರಿಯುತ್ತಾರೆ. ಅಲ್ಲಿ ಬರುವವರು ಯಾರಿಗೂ ಬರುವುದಿಲ್ಲ. ಅದೇ ಅದರ ಚಂದ. ಚೀನಾದ ಅಜ್ಜಿ, ಮೆಕ್ಸಿಕೊದ ಅಜ್ಜಿ, ಹಾಸನದ ಅಜ್ಜಿ ಮೂವರೂ ಕೈಸನ್ನೆಯಲ್ಲಿ ಮೊಮ್ಮಕ್ಕಳ ಊಟದ ಕಷ್ಟ ಹೇಳಿಕೊಳ್ಳಬಹುದು. ರಜೆಯ ಎರಡು ವಾರ ಈ ಗುಂಪುಗಳು ನಿಲ್ಲುವುದುಂಟು, ದಿನಾಂಕ ನೋಡಿಕೊಳ್ಳಿ.

ಎರಡನೆಯದು ಹೆಣಿಗೆ ಗುಂಪು. ನಮ್ಮ ಅಮ್ಮಂದಿರಲ್ಲಿ ಎಷ್ಟೋ ಜನರಿಗೆ ಕ್ರೋಶಾ, ಸ್ವೆಟರ್ ಹಾಕುವುದು ಚೆನ್ನಾಗಿ ಗೊತ್ತು. ಅಲ್ಲಿ ಮಾತು ಕಡಿಮೆಯಾದರೂ ನಡೆಯುತ್ತದೆ. ಹಲವು ಲೈಬ್ರರಿಗಳು ಡಿಸೆಂಬರಿನಲ್ಲಿ "ಮಿಟನ್ ಟ್ರೀ" ಇಡುತ್ತವೆ. ಬಡ ಮಕ್ಕಳಿಗಾಗಿ ಟೋಪಿ, ಕೈಗವಸು, ಮಫ್ಲರ್‌ಗಳನ್ನು ಆ ಮರಕ್ಕೆ ತೂಗುಹಾಕುತ್ತಾರೆ. ಅಮ್ಮ ಹೆಣೆದ ಟೋಪಿಗೂ ಅಲ್ಲಿ ಜಾಗ ಇದೆ.

ಅಪ್ಪಂದಿರಿಗೆ ಪೇಪರ್ ಬೇಕು. ಅಲ್ಲಿ ಅಮೆರಿಕದ ಪತ್ರಿಕೆಗಳು ಮೇಜಿನ ಮೇಲಿರುತ್ತವೆ. ನಿಮ್ಮ ಲೈಬ್ರರಿ ಪ್ರೆಸ್‌ರೀಡರ್ ಅನ್ನುವ ಪತ್ರಿಕೆ ಓದುವ ಆ್ಯಪಿಗೆ ಚಂದಾ ತೆಗೆದುಕೊಂಡಿದ್ದರೆ ಭಾರತದ ಇಂಗ್ಲಿಷ್ ಪತ್ರಿಕೆಗಳನ್ನೂ ಐಪ್ಯಾಡಿನಲ್ಲಿ ಪುಟ ತಿರುವಿ ಓದಬಹುದು. ಕುರ್ಚಿ ಯೋಗ, ತಾಯ್ ಚಿ, ಮಧ್ಯಾಹ್ನದ ಸಿನಿಮಾ ಇವೂ ಇರುತ್ತವೆ. ಕುರ್ಚಿ ಯೋಗದ ಬಗ್ಗೆ ನಮ್ಮ ಹಿರಿಯರಿಗೆ ಖಡಾಖಂಡಿತ ಅಭಿಪ್ರಾಯಗಳಿವೆ. ಆದರೂ ಒಮ್ಮೆ ಹೋಗಿ ಬರಲಿ.

ಇನ್ನೊಂದು: ಮೊದಲ ದಿನ ನೀವೂ ಜೊತೆಗೆ ಹೋಗಿ ಅರ್ಧ ಗಂಟೆ ಕೂರಿ. ಅವರು ಊರಿನ ಲೈಬ್ರರಿ ಲೆಕ್ಕದಲ್ಲಿ ಬಾಗಿಲಲ್ಲೇ ನಿಂತು ಬ್ಯಾಗ್ ಎಲ್ಲಿಡಬೇಕು, ಸಹಿ ಎಲ್ಲಿ ಹಾಕಬೇಕು ಅಂತ ಹುಡುಕುತ್ತಾರೆ. ಸೀದಾ ಒಳಗೆ ಹೋಗಿ ಕೂರಬಹುದು ಅನ್ನುವುದನ್ನು ನಂಬೋಕೆ ಅವರಿಗೆ ಸ್ವಲ್ಪ ಹೊತ್ತು ಬೇಕು.

ಮಕ್ಕಳಿಗೆ ರಜೆಯಲ್ಲಿ ಏನೇನು ಇರುತ್ತೆ?

ಚಿಕ್ಕವರಿಗೆ ಸ್ಟೋರಿ ಟೈಮ್ ಇದ್ದೇ ಇರುತ್ತದೆ. ಆದರೆ ವಾರವಾರದ ಸ್ಟೋರಿ ಟೈಮ್‌ಗೆ ರಜೆಯಲ್ಲಿ ಬಿಡುವು ಕೊಟ್ಟು, ಅದರ ಜಾಗದಲ್ಲಿ ವಿಶೇಷ ಕಾರ್ಯಕ್ರಮ ಇಡುವುದು ರೂಢಿ. ಜಿಂಜರ್‌ಬ್ರೆಡ್ ಮನೆ ಕಟ್ಟುವುದು, ಲೆಗೊ, ಗೊಂಬೆಯಾಟ, ಜಾದೂ, ಪೈಜಾಮ ಹಾಕಿಕೊಂಡು ಬಂದು ಕೇಳುವ ರಾತ್ರಿ ಕಥೆ, ಸಿನಿಮಾ ಜೊತೆ ಪಾಪ್‌ಕಾರ್ನ್.

ಎರಡು ಕಾರ್ಯಕ್ರಮಗಳನ್ನು ಮಾತ್ರ ಬಿಡಬೇಡಿ. ಒಂದು, ಡಿಸೆಂಬರ್ 31ರ "ನೂನ್ ಇಯರ್ಸ್ ಈವ್". ಮಧ್ಯರಾತ್ರಿ ಬದಲು ಮಧ್ಯಾಹ್ನ ಹನ್ನೆರಡಕ್ಕೆ ಹತ್ತು, ಒಂಬತ್ತು, ಎಂಟು ಅಂತ ಎಣಿಸಿ ಬಲೂನು ಸುರಿಸುತ್ತಾರೆ. ಮಕ್ಕಳು ಕುಣಿದು ಸುಸ್ತಾಗಿ ಮನೆಗೆ ಬಂದು ಮಲಗುತ್ತಾರೆ. ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಒಳ್ಳೆಯ ಹೊಸ ವರ್ಷ ಯಾವುದಿದೆ ಹೇಳಿ. ಇನ್ನೊಂದು, ನಾಯಿಗೆ ಓದಿ ಹೇಳುವುದು. ತರಬೇತಿ ಪಡೆದ ನಾಯಿಯ ಪಕ್ಕ ಮಗು ಕೂತು ಗಟ್ಟಿಯಾಗಿ ಪುಸ್ತಕ ಓದುತ್ತದೆ. 1999ರಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಶುರುವಾದ ಇಂಥದ್ದೊಂದು ಕಾರ್ಯಕ್ರಮ ಆಮೇಲೆ ದೇಶವಿಡೀ ಹಬ್ಬಿತು. ತಪ್ಪು ಓದಿದರೆ ನಾಯಿ ತಿದ್ದುವುದಿಲ್ಲ. ಹೊಸದಾಗಿ ಬಂದು ಇಂಗ್ಲಿಷ್ ಉಚ್ಚಾರಣೆಗೆ ನಾಚಿಕೊಳ್ಳುವ ನಮ್ಮ ಮಕ್ಕಳಿಗೆ ಇದು ತುಂಬಾ ಹೊಂದುತ್ತದೆ. ಹಾಗೆ ನೋಡಿದರೆ, ಕನ್ನಡ ಪುಸ್ತಕ ಓದಿದರೂ ನಾಯಿಗೇನೂ ಅಭ್ಯಂತರವಿಲ್ಲ.

ನೋಂದಣಿ ವಿಷಯದಲ್ಲಿ ಹುಷಾರು. ಜನಪ್ರಿಯ ಕಾರ್ಯಕ್ರಮಗಳಿಗೆ ಒಂದೆರಡು ವಾರ ಮುಂಚೆ ಆನ್‌ಲೈನಿನಲ್ಲಿ ಹೆಸರು ತೆಗೆದುಕೊಳ್ಳುತ್ತಾರೆ, ಅರ್ಧ ಗಂಟೆಯಲ್ಲಿ ತುಂಬಿಹೋಗುತ್ತದೆ. ತುಂಬಿದ್ದರೂ ವೇಟ್‌ಲಿಸ್ಟಿಗೆ ಹೆಸರು ಹಾಕಿ. ಮಕ್ಕಳಿಗೆ ನೆಗಡಿ ಬರುವ ಕಾಲ, ಎಷ್ಟೋ ಜನ ಕೊನೆಗಳಿಗೆಯಲ್ಲಿ ಬರುವುದಿಲ್ಲ. ನಿಮಗೇ ಹೋಗೋಕೆ ಆಗದಿದ್ದರೆ ದಯವಿಟ್ಟು ರದ್ದು ಮಾಡಿ. ಹೆಸರು ಕೊಟ್ಟು ಬಾರದೆ ಇರುವುದರಲ್ಲಿ ನಮ್ಮವರು ಯಾರಿಗೂ ಕಮ್ಮಿ ಇಲ್ಲ.

ಎಲ್ಲ ಕ್ರಿಸ್‌ಮಸ್ಸಿಗೆ ಸಂಬಂಧಿಸಿದ್ದೇನಾ?

ಇಲ್ಲ. ಇವು ಸರ್ಕಾರಿ ಸಂಸ್ಥೆಗಳು, ಹಾಗಾಗಿ "ಹಾಲಿಡೇ" ಅಂತಲೇ ಕರೆಯುತ್ತಾರೆ. ಯೆಹೂದಿಗಳ ಹನುಕ್ಕಾ, ಆಫ್ರಿಕನ್ ಅಮೆರಿಕನ್ನರ ಕ್ವಾನ್ಜಾ, ಹಿಮ, ಪೆಂಗ್ವಿನ್ ಎಲ್ಲ ಸೇರಿರುತ್ತದೆ. ಕ್ರಿಸ್‌ಮಸ್ ಚಿತ್ರಪುಸ್ತಕಗಳು ಬೇಕೇ ಬೇಕು ಅಂದರೆ ನವೆಂಬರಿನಲ್ಲೇ ಹೋಲ್ಡ್ ಹಾಕಿ, ಅಂದರೆ ನಿಮ್ಮ ಹೆಸರಿಗೆ ಕಾದಿರಿಸಿ. ಡಿಸೆಂಬರ್ ಎರಡನೇ ವಾರಕ್ಕೆ ಆ ಕಪಾಟು ಬರಿದಾಗಿರುತ್ತದೆ.

ಹಾಗಾದರೆ ನಮ್ಮ ಸಂಕ್ರಾಂತಿಯನ್ನೂ ಅಲ್ಲಿ ಮಾಡಬಹುದಾ?

ಮಾಡಬಹುದು. ಎರಡು ದಾರಿ ಇವೆ.

ನೀವೇ ಸಭಾ ಕೊಠಡಿ ಕಾದಿರಿಸಿ ಮಾಡುವುದು ಒಂದು. ಲಾಭಕ್ಕಾಗಿ ಅಲ್ಲದ ಗುಂಪುಗಳಿಗೆ ಹೆಚ್ಚಿನ ಲೈಬ್ರರಿಗಳು ಕೊಠಡಿಯನ್ನು ಉಚಿತವಾಗಿ ಅಥವಾ ತೀರಾ ಕಡಿಮೆ ದರಕ್ಕೆ ಕೊಡುತ್ತವೆ. ಸಾಮಾನ್ಯ ಷರತ್ತುಗಳು ಇಷ್ಟೇ: ಒಳಗೆ ಟಿಕೆಟ್ ಮಾರುವ ಹಾಗಿಲ್ಲ, ದೀಪ ಹಚ್ಚುವ ಹಾಗಿಲ್ಲ, ಬಂದವರನ್ನು ಬೇಡ ಅನ್ನುವ ಹಾಗಿಲ್ಲ. ದೀಪಕ್ಕೆ ಬ್ಯಾಟರಿಯದು ಇಟ್ಟುಕೊಳ್ಳಿ, ದೇವರು ಒಪ್ಪಿಕೊಳ್ಳುತ್ತಾನೆ.

ಲೈಬ್ರರಿಯ ಕಾರ್ಯಕ್ರಮವಾಗಿಯೇ ಮಾಡಿಸುವುದು ಇನ್ನೊಂದು. ನನಗೆ ಇದೇ ಹೆಚ್ಚು ಇಷ್ಟ. ಆಗ ನಮ್ಮವರಷ್ಟೇ ಅಲ್ಲ, ಊರಿನ ಉಳಿದ ಮಕ್ಕಳೂ ಬರುತ್ತಾರೆ. ಮಕ್ಕಳ ವಿಭಾಗದ ಲೈಬ್ರೇರಿಯನ್ ಹತ್ತಿರ ಹೋಗಿ, ಜನವರಿ 14ರ ಆಸುಪಾಸಿನಲ್ಲಿ ಸುಗ್ಗಿ ಹಬ್ಬ ಇದೆ, ಗಾಳಿಪಟ ಮಾಡಿಸುತ್ತೇವೆ, ರಂಗೋಲಿ ಕಲಿಸುತ್ತೇವೆ ಅಂತ ಹೇಳಿ. ಆದರೆ ಜನವರಿಯಲ್ಲಿ ಹೋಗಿ ಕೇಳಿದರೆ ಆಗಲ್ಲ. ಅವರ ಕ್ಯಾಲೆಂಡರ್ ತಿಂಗಳುಗಟ್ಟಲೆ ಮುಂಚೆ ತುಂಬಿರುತ್ತದೆ. ದಸರಾ ಹೊತ್ತಿಗೇ ಕೇಳಿಬಿಡಿ.

ಈಗ ಮುಖ್ಯ ವಿಷಯ: ಎಳ್ಳು ಬೆಲ್ಲ. ಅಮೆರಿಕದ ಕಾನೂನಿನಲ್ಲಿ ಮುಖ್ಯ ಅಲರ್ಜಿ ತರುವ ಆಹಾರ ಅಂತ ಒಂಬತ್ತನ್ನು ಗುರುತಿಸಿದ್ದಾರೆ. 2023ರ ಜನವರಿ 1ರಿಂದ ಆ ಪಟ್ಟಿಗೆ ಒಂಬತ್ತನೆಯದಾಗಿ ಸೇರಿದ್ದು ಎಳ್ಳು. ಕಡಲೆಕಾಯಿ ಮೊದಲಿಂದಲೂ ಇತ್ತು. ಅಂದರೆ ನಮ್ಮ ಎಳ್ಳು ಬೆಲ್ಲದ ಪೊಟ್ಟಣದಲ್ಲಿ ಎರಡು ಅಪಾಯ ಒಟ್ಟಿಗೇ ಇವೆ. ಆ ಕಾನೂನು ಪ್ಯಾಕೆಟ್ ಮೇಲಿನ ಲೇಬಲ್ಲಿಗೆ ಸಂಬಂಧಿಸಿದ್ದು, ಮನೆಯಲ್ಲಿ ಹುರಿದು ತಂದ ಪೊಟ್ಟಣಕ್ಕಲ್ಲ. ಆದರೂ ಗೊತ್ತಿಲ್ಲದ ಮಗುವಿನ ಕೈಗೆ ಅದನ್ನು ಹಾಗೇ ಇಡಬೇಡಿ. ಅದರಲ್ಲಿ ಏನೇನಿದೆ ಅಂತ ಬರೆದು ಅಂಟಿಸಿ, ಮಗುವಿನ ಕೈಗಲ್ಲ, ದೊಡ್ಡವರ ಕೈಗೆ ಕೊಡಿ. ಲೈಬ್ರರಿಯವರನ್ನು ಮೊದಲೇ ಕೇಳಿ. ಬೇಡ ಅಂದರೆ ಬಣ್ಣದ ಸಕ್ಕರೆ ಅಚ್ಚು ಇದೆಯಲ್ಲ. ಆನೆ, ಗೋಪುರ, ತೇರು ನೋಡಿ ಮಕ್ಕಳು ಎಳ್ಳನ್ನು ಕೇಳುವುದೂ ಇಲ್ಲ. ಸಕ್ಕರೆಯನ್ನು ಹಾಲು ಹಾಕಿ ತಿಳಿ ಮಾಡಿರುತ್ತೀರಿ, ಅದನ್ನೂ ಬರೆದು ಹಾಕಿ.

ಕನ್ನಡ ಪುಸ್ತಕ ಸಿಗುತ್ತಾ?

ಎಲ್ಲರೂ ಕೇಳುವ, ಒಂದು ಸಲ ಕಪಾಟು ನೋಡಿ ಇಲ್ಲ ಅಂತ ಕೈಬಿಡುವ ಪ್ರಶ್ನೆ ಇದು.

ಭಾರತೀಯರು ಹೆಚ್ಚಿರುವ ಊರುಗಳಲ್ಲಿ ಹಿಂದಿ, ತಮಿಳು, ತೆಲುಗು ಪುಸ್ತಕಗಳ ಕಪಾಟು ಕಾಣುತ್ತದೆ. ಕನ್ನಡದ್ದು ಅಪರೂಪ. ಕಾರಣ ತಾರತಮ್ಯ ಏನಲ್ಲ. ಯಾರು ಕೇಳಿದರೋ ಅವರದು ಬಂತು. ಕನ್ನಡಿಗರು ಕೇಳಲಿಲ್ಲ, ಅಥವಾ ಕೇಳಿ ತರಿಸಿ ಆಮೇಲೆ ಎರವಲು ತೆಗೆದುಕೊಳ್ಳಲಿಲ್ಲ. ಲೈಬ್ರರಿಯವರು ಯಾವ ಪುಸ್ತಕ ಎಷ್ಟು ಸಲ ಹೊರಗೆ ಹೋಯಿತು ಅಂತ ಲೆಕ್ಕ ನೋಡುತ್ತಾರೆ. ಕಪಾಟಿನಲ್ಲೇ ಕೂತ ಪುಸ್ತಕ ಕೆಲವು ವರ್ಷಕ್ಕೆ ತೆಗೆದುಹಾಕುವ ಪಟ್ಟಿಗೆ ಹೋಗುತ್ತದೆ. ಓದಿ ಮುಗಿಸಿದ್ದರೂ ಮತ್ತೊಮ್ಮೆ ಮನೆಗೆ ತನ್ನಿ, ತಪ್ಪೇನಿಲ್ಲ.

ಮೊದಲು "ವರ್ಲ್ಡ್ ಲ್ಯಾಂಗ್ವೇಜಸ್" ವಿಭಾಗ ನೋಡಿ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯ ಪ್ರಕಾರ ಜೋಡಿಸಿರುವ ಕಡೆ ಕನ್ನಡ ಸಾಹಿತ್ಯದ ಸಂಖ್ಯೆ 894.814. ಕ್ಯಾಟಲಾಗಿನಲ್ಲಿ ಹುಡುಕುವಾಗ ನಾವು ಇಂಗ್ಲಿಷಿನಲ್ಲಿ ಹೆಸರು ಬರೆಯುವ ರೀತಿ ನಡೆಯುವುದಿಲ್ಲ. ಕಾರಂತ ಅಂತ ಬರೆಯುವಾಗ ನಾವು ಕೊನೆಗೆ ಟಿ, ಎಚ್ ಹಾಕುತ್ತೇವೆ. ಅವರ ಲಿಪ್ಯಂತರದಲ್ಲಿ ಅದು ಟಿ, ಎ. ಒಂದು ಕಾಗುಣಿತದಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ.

ನಿಮ್ಮ ಲೈಬ್ರರಿಯಲ್ಲಿ ಇಲ್ಲ ಅಂದರೆ ಇಂಟರ್‌ಲೈಬ್ರರಿ ಲೋನ್ ಕೇಳಿ, ಅಂದರೆ ಬೇರೆ ಲೈಬ್ರರಿಯಿಂದ ಎರವಲು ತರಿಸಿಕೊಡಿ ಅನ್ನಿ. ಇದರ ಹಿಂದೆ ಒಂದು ಸ್ವಾರಸ್ಯದ ಕಥೆ ಇದೆ. ಪಿ.ಎಲ್. 480 ಗೋಧಿ ಗೊತ್ತಲ್ಲ, ನಮ್ಮ ಹಿರಿಯರು ರೇಷನ್ ಅಂಗಡಿಯಲ್ಲಿ ತಂದು ತಿಂದದ್ದು? ಅಮೆರಿಕದಿಂದ ಬಂದ ಆ ಗೋಧಿಗೆ ಭಾರತ ರೂಪಾಯಿಯಲ್ಲಿ ದುಡ್ಡು ಕೊಟ್ಟಿತು. ಆ ರೂಪಾಯಿಯ ಒಂದು ಪಾಲಿನಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ಭಾರತದಲ್ಲಿ ಪುಸ್ತಕ ಕೊಂಡು, ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ಕನ್ನಡ ಪುಸ್ತಕಗಳೂ ಅದರಲ್ಲಿದ್ದವು. ಹಾಗಾಗಿ ಎ.ಕೆ. ರಾಮಾನುಜನ್ ಪಾಠ ಹೇಳುತ್ತಿದ್ದ ಶಿಕಾಗೊ ವಿಶ್ವವಿದ್ಯಾಲಯದಂಥ ಕಡೆ, ಬೆಂಗಳೂರಿನ ಅಂಗಡಿಗಳಲ್ಲಿ ಎಂದೋ ಮುಗಿದುಹೋದ ಕನ್ನಡ ಪುಸ್ತಕಗಳು ಈಗಲೂ ಸಿಗಬಹುದು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿ ಈಗಲೂ ಪುಸ್ತಕ ಕೊಳ್ಳುತ್ತಿದೆ. ಹಲವು ಲೈಬ್ರರಿಗಳ ಪುಸ್ತಕಪಟ್ಟಿ ಒಟ್ಟಿಗಿರುವ ವರ್ಲ್ಡ್‌ಕ್ಯಾಟ್ ತಾಣದಲ್ಲಿ ಹುಡುಕಿ, ಪುಸ್ತಕದ ವಿವರ ಬರೆದುಕೊಂಡು ಹೋಗಿ ನಿಮ್ಮ ಊರಿನ ಲೈಬ್ರರಿಯಲ್ಲಿ ಕೊಡಿ. ಉಳಿದದ್ದು ಅವರು ನೋಡಿಕೊಳ್ಳುತ್ತಾರೆ. ಅಪ್ಪ ಬರುವುದು ಡಿಸೆಂಬರಿಗೆ ಅಂತಾದರೆ ಅಕ್ಟೋಬರಿನಲ್ಲೇ ಕೇಳಿ. ವರ್ಷದ ಕೊನೆಯಲ್ಲಿ ವಿಶ್ವವಿದ್ಯಾಲಯಗಳು ಮುಚ್ಚಿರುತ್ತವೆ, ಪುಸ್ತಕ ಅಲುಗುವುದಿಲ್ಲ.

ಮಕ್ಕಳಿಗಾದರೆ ಬೇರೆ ದಾರಿ. ಲೈಬ್ರರಿ ಪುಟದಲ್ಲಿ ಪುಸ್ತಕ ಕೊಳ್ಳಿ ಅಂತ ಸೂಚಿಸುವ ಅರ್ಜಿ ಇರುತ್ತದೆ. ತೂಲಿಕಾ ಪ್ರಕಾಶನದವರ ಕನ್ನಡ–ಇಂಗ್ಲಿಷ್ ಎರಡೂ ಇರುವ ಚಿತ್ರಪುಸ್ತಕಗಳನ್ನು ಸೂಚಿಸಿ. ಕನ್ನಡ ಬಾರದ ಲೈಬ್ರೇರಿಯನ್ನಿಗೂ ಒಳಗೇನಿದೆ ಅಂತ ಗೊತ್ತಾಗುತ್ತದೆ, ಹೂಂ ಅನ್ನುವುದು ಸುಲಭ. ಒಬ್ಬರೇ ಹತ್ತು ಅರ್ಜಿ ಹಾಕುವುದಕ್ಕಿಂತ ಹತ್ತು ಮನೆಯವರು ಒಂದೊಂದು ಹಾಕಿದರೆ ತೂಕ ಜಾಸ್ತಿ. ಅದು ಬರುವವರೆಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಕನ್ನಡ ಕಥೆಗಳನ್ನು ಉಚಿತವಾಗಿ ಓದಿ.

ಮನೆಯಲ್ಲಿರುವ ಹಳೆ ಕನ್ನಡ ಪುಸ್ತಕ ಕೊಟ್ಟರೆ ತಗೋತಾರಾ?

ತಗೊಳ್ಳುತ್ತಾರೆ, ಆದರೆ ಕಪಾಟಿಗೆ ಸೇರುತ್ತದೆ ಅನ್ನುವ ಭರವಸೆ ಇಲ್ಲ. ದಾನದ ಪುಸ್ತಕ ಸಾಮಾನ್ಯವಾಗಿ ಲೈಬ್ರರಿಗೆ ನೆರವಾಗುವ "ಫ್ರೆಂಡ್ಸ್ ಆಫ್ ದ ಲೈಬ್ರರಿ" ಗುಂಪಿನ ಮಾರಾಟಕ್ಕೆ ಹೋಗುತ್ತದೆ. ಕನ್ನಡ ಶಾಲೆಗೇ ಕೊಡುವುದು ಒಳ್ಳೆಯದು.

ಆ ಮಾರಾಟಕ್ಕೆ ಮಾತ್ರ ತಪ್ಪದೆ ಹೋಗಿ. ಮಕ್ಕಳ ಪುಸ್ತಕ ಒಂದು ಡಾಲರಿಗೋ ಅದಕ್ಕಿಂತ ಕಡಿಮೆಗೋ ಸಿಗುತ್ತದೆ.

ಒಂದು ತಿಂಗಳು ಊರಿಗೆ ಹೋಗ್ತಿದ್ದೇವೆ. ತಂದಿರುವ ಪುಸ್ತಕ, ಹೋಲ್ಡ್ ಎಲ್ಲ ಏನು ಮಾಡೋದು?

ತಂದದ್ದನ್ನು ಹೊರಡುವ ಮುಂಚೆ ಕೊಟ್ಟುಬಿಡಿ. ಸೂಟ್‌ಕೇಸಿನಲ್ಲಿ ಲೈಬ್ರರಿ ಪುಸ್ತಕ ಒಯ್ಯಬೇಡಿ. ಅದು ಅಜ್ಜಿ ಮನೆ ಅಟ್ಟ ಸೇರಿ ಅಲ್ಲೇ ಉಳಿಯುತ್ತದೆ. ಹೋಲ್ಡ್‌ಗಳನ್ನು ವಾಪಸ್ ಬರುವ ದಿನಾಂಕದವರೆಗೆ ತಡೆಹಿಡಿಯುವ ಆಯ್ಕೆ ಬಹಳ ಕಡೆ ಇದೆ. ಸಾಲಿನಲ್ಲಿ ನಿಮ್ಮ ಜಾಗ ಹೋಗುವುದಿಲ್ಲ.

ಪ್ರಯಾಣಕ್ಕೆ ಲೈಬ್ರರಿ ಕಾರ್ಡಿನಿಂದ ನಡೆಯುವ ಲಿಬ್ಬಿ ಆ್ಯಪ್ ಸಾಕು. ಮನೆಯ ವೈಫೈನಲ್ಲೇ ಇ-ಪುಸ್ತಕ, ಆಡಿಯೊ ಪುಸ್ತಕ ಇಳಿಸಿಕೊಂಡರೆ ವಿಮಾನದಲ್ಲಿ ಇಂಟರ್‌ನೆಟ್ ಬೇಡ. ಗಡುವು ಮುಗಿದರೆ ತಾನಾಗಿ ವಾಪಸ್ ಹೋಗುತ್ತದೆ. ಕಿಂಡಲ್‌ಗೆ ಕಳಿಸುವ ಸೌಲಭ್ಯ ಅಮೆರಿಕದ ಲೈಬ್ರರಿಗಳಿಗೆ ಮಾತ್ರ ಇರುವುದು, ಅದನ್ನೂ ಹೊರಡುವ ಮೊದಲೇ ಮುಗಿಸಿ. ಲೈಬ್ರರಿ ಕಾರ್ಡಿನಲ್ಲಿ ಸಿನಿಮಾ ನೋಡುವ ಆ್ಯಪ್‌ಗಳು ಊರಲ್ಲಿ ನಡೆಯುತ್ತವೆ ಅಂತ ನೆಚ್ಚಿಕೊಳ್ಳಬೇಡಿ.

ಪಾಸ್‌ಪೋರ್ಟ್ ಅರ್ಜಿಯನ್ನೂ ಲೈಬ್ರರಿಯಲ್ಲಿ ತಗೋತಾರಂತೆ, ಹೌದಾ?

ಹೌದು, ಕೆಲವು ಲೈಬ್ರರಿಗಳಲ್ಲಿ. ಇಲ್ಲಿ ಹುಟ್ಟಿದ ಮಗುವಿನ ಅಮೆರಿಕನ್ ಪಾಸ್‌ಪೋರ್ಟಿಗೆ ಅಂಚೆ ಕಚೇರಿಗಿಂತ ಲೈಬ್ರರಿ ಆರಾಮ. 16 ವರ್ಷದೊಳಗಿನ ಮಕ್ಕಳಿಗೆ ಅಪ್ಪ, ಅಮ್ಮ ಇಬ್ಬರೂ ಮಗುವಿನ ಜೊತೆ ಹೋಗಬೇಕು. ಒಬ್ಬರು ಬರಲಾಗದಿದ್ದರೆ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಬೇಕು. ಮಕ್ಕಳ ಪಾಸ್‌ಪೋರ್ಟಿನ ಅವಧಿ 5 ವರ್ಷ ಮಾತ್ರ ಅನ್ನುವುದನ್ನು ಮರೆತು ಡಿಸೆಂಬರಿನಲ್ಲಿ ಓಡಾಡುವವರು ಪ್ರತಿ ವರ್ಷವೂ ಇರುತ್ತಾರೆ. ಲೈಬ್ರರಿಯವರು ಅರ್ಜಿ ಪಡೆದು ಕಳಿಸುತ್ತಾರೆ ಅಷ್ಟೇ, ಪಾಸ್‌ಪೋರ್ಟ್ ಕೊಡುವವರು ಅವರಲ್ಲ. ಬೇಸಿಗೆಯಲ್ಲೇ ಮಾಡಿಸಿಡಿ. ಭಾರತಕ್ಕೆ ಹೋಗೋಕೆ ಆ ಮಗುವಿಗೆ ಒಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಅಥವಾ ವೀಸಾ ಬೇರೆ ಬೇಕು. ಅದಕ್ಕೂ ಲೈಬ್ರರಿಗೂ ಸಂಬಂಧ ಇಲ್ಲ.

ತಡವಾದರೆ ದಂಡ ಎಷ್ಟು?

ಬಹಳ ಊರುಗಳಲ್ಲಿ ಸೊನ್ನೆ. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊ 2019ರಲ್ಲಿ, ನ್ಯೂಯಾರ್ಕ್ 2021ರಲ್ಲಿ ತಡದ ದಂಡ ತೆಗೆದುಹಾಕಿದವು. ಕಳೆದುಹೋದ ಪುಸ್ತಕದ ಬೆಲೆ ಮಾತ್ರ ಕಟ್ಟಬೇಕು. ದಂಡ ಇನ್ನೂ ಇರುವ ಕೆಲವು ಊರುಗಳಲ್ಲಿ ಡಿಸೆಂಬರಿನಲ್ಲಿ ದುಡ್ಡಿನ ಬದಲು ಡಬ್ಬಿ ಆಹಾರ ತೆಗೆದುಕೊಂಡು ಬಡವರಿಗೆ ಹಂಚುತ್ತಾರೆ. ಬೇಳೆಯ ಡಬ್ಬಿ ಕೊಟ್ಟರೂ ನಡೆಯುತ್ತದೆ.

ಹಿಮ ಬಿದ್ದು ಶಾಲೆಗೆ ರಜೆ ಕೊಟ್ಟರೆ ಲೈಬ್ರರಿ ತೆರೆದಿರುತ್ತಾ?

ಶಾಲೆ ಮುಚ್ಚಿದೆ ಅಂದ ಮಾತ್ರಕ್ಕೆ ಲೈಬ್ರರಿ ಮುಚ್ಚಿರಬೇಕಿಲ್ಲ, ತಡವಾಗಿ ತೆರೆಯಬಹುದು. ಹೊರಡುವ ಮುಂಚೆ ಅವರ ಪುಟ ನೋಡಿ. ವಿಪರೀತ ಚಳಿಯ ದಿನ ಲೈಬ್ರರಿಗಳೇ ಜನರಿಗೆ ಆಸರೆ. ಶಿಕಾಗೊದಲ್ಲಿ ಲೈಬ್ರರಿ ಶಾಖೆಗಳನ್ನು ಬೆಚ್ಚಗಾಗುವ ಜಾಗ ಅಂತ ನಗರದವರೇ ಹೇಳುತ್ತಾರೆ. ಮನೆಯ ಹೀಟರ್ ಕೈಕೊಟ್ಟರೆ ಇದನ್ನು ನೆನಪಿಡಿ. ಮನೆ ಇಲ್ಲದವರೂ ಅಲ್ಲಿಗೆ ಬಂದು ಕೂತಿರುತ್ತಾರೆ. ಮಕ್ಕಳು ಯಾಕೆ ಅಂತ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಹೈಸ್ಕೂಲ್ ಮಕ್ಕಳು ಬರೋಕೇ ಒಪ್ಪಲ್ಲ. ಏನು ಮಾಡೋಣ?

ಅವರನ್ನು ಕಾರ್ಯಕ್ರಮಕ್ಕೆ ಕರೆಯಬೇಡಿ, ಕೆಲಸಕ್ಕೆ ಕಳಿಸಿ. ಶಾಲೆಗೆ ಬೇಕಾದ ಸ್ವಯಂಸೇವೆಯ ಗಂಟೆಗಳು ಅಲ್ಲಿ ಸಿಗುತ್ತವೆ. ಚಿಕ್ಕ ಮಕ್ಕಳಿಗೆ ಕತ್ತರಿ, ಗೋಂದು ಹಿಡಿಸುವುದು, ಹಿರಿಯರಿಗೆ ಫೋನ್ ಹೇಳಿಕೊಡುವುದು, ಪುಸ್ತಕ ಜೋಡಿಸುವುದು. ಹನ್ನೆರಡನೇ ತರಗತಿಯವರಿಗೆ ಎಷ್ಟೋ ಕಾಲೇಜುಗಳ ಅರ್ಜಿ ಗಡುವು ಜನವರಿಯ ಮೊದಲ ವಾರ. ಮನೆ ತುಂಬಾ ನೆಂಟರಿರುವಾಗ ಪ್ರಬಂಧ ಬರೆಯೋಕೆ ಆಗಲ್ಲ. ಸ್ಟಡಿ ರೂಮ್ ಕಾದಿರಿಸಿ ಕೊಡಿ, ಆಮೇಲೆ ಹಿಂದೆ ಮುಂದೆ ಸುಳಿಯಬೇಡಿ.

ನಾವು ಆಫೀಸಿಗೆ ಹೋದಾಗ ಮಕ್ಕಳನ್ನು ಅಲ್ಲಿ ಬಿಟ್ಟು ಹೋಗಬಹುದಾ?

ಬೇಡ. ಒಂಟಿಯಾಗಿ ಇರಬಹುದಾದ ವಯಸ್ಸನ್ನು ಪ್ರತಿ ಲೈಬ್ರರಿಯೂ ಬರೆದಿಟ್ಟಿರುತ್ತದೆ. ಅದಕ್ಕಿಂತ ಚಿಕ್ಕವರನ್ನು ಬಿಟ್ಟರೆ ನಿಮಗೆ ಫೋನ್ ಬರುತ್ತದೆ, ಬಾಗಿಲು ಹಾಕುವ ಹೊತ್ತಿಗೂ ನೀವು ಬಾರದಿದ್ದರೆ ಪೊಲೀಸರಿಗೂ ಹೋಗಬಹುದು.

ಪುಸ್ತಕ ಬಿಟ್ಟು ಬೇರೆ ಏನು ಎರವಲು ಸಿಗುತ್ತೆ?

ಊರೂರಿಗೆ ಬೇರೆ. ಕೇಕ್ ತಟ್ಟೆ, ಹೊಲಿಗೆ ಯಂತ್ರ, ಟೆಲಿಸ್ಕೋಪ್, ವೈಫೈ ಹಾಟ್‌ಸ್ಪಾಟ್, ಬೋರ್ಡ್ ಆಟ. ಹಿಮದ ಊರುಗಳಲ್ಲಿ ಹಿಮದ ಮೇಲೆ ನಡೆಯುವ ಸ್ನೋಶೂ ಕೂಡ. ಬಿಸಿಲಿಲ್ಲದೆ ಮನಸ್ಸು ಮಂಕಾಗುವವರಿಗೆ ಅಂತಲೇ ಪ್ರಖರ ಬೆಳಕಿನ ದೀಪ ಕೊಡುವ ಲೈಬ್ರರಿಗಳೂ ಇವೆ.

ಇವೆಲ್ಲಕ್ಕಿಂತ ಬೆಲೆಬಾಳುವುದು ಮ್ಯೂಸಿಯಂ ಪಾಸ್. ನಾಲ್ಕು ಜನರ ಟಿಕೆಟ್ ದುಡ್ಡು ಉಳಿಯುತ್ತದೆ. ನ್ಯೂಯಾರ್ಕ್ ನಗರದ ಮೂರು ಲೈಬ್ರರಿ ವ್ಯವಸ್ಥೆಗಳ ಕಾರ್ಡಿದ್ದವರಿಗೆ 2018ರಿಂದ ಕಲ್ಚರ್ ಪಾಸ್ ಅನ್ನುವ ಇಂಥದ್ದೇ ಪಾಸ್ ಇದೆ. ಕೊಲೊರಾಡೊ, ವಾಷಿಂಗ್ಟನ್‌ನಂಥ ರಾಜ್ಯಗಳಲ್ಲಿ ಸ್ಟೇಟ್ ಪಾರ್ಕ್ ಪಾಸನ್ನೂ ಲೈಬ್ರರಿಯಿಂದ ತರಬಹುದು. ರಜೆ ವಾರದ ಪಾಸ್‌ಗಳಿಗೆ ಪೈಪೋಟಿ ಜಾಸ್ತಿ. ಊರಿಂದ ಬಂದ ನೆಂಟರನ್ನು ಕರೆದೊಯ್ಯಬೇಕಿದ್ದರೆ ಜನವರಿ ಎರಡನೇ ವಾರಕ್ಕೆ ಇಟ್ಟುಕೊಳ್ಳಿ. ಜನವೂ ಕಡಿಮೆ.

ವಿಂಟರ್ ರೀಡಿಂಗ್ ಚಾಲೆಂಜ್ ಅಂದರೇನು? ಕನ್ನಡ ಪುಸ್ತಕ ಓದಿದರೆ ಲೆಕ್ಕಕ್ಕೆ ಬರುತ್ತಾ?

ಇಷ್ಟು ದಿನದಲ್ಲಿ ಇಷ್ಟು ಹೊತ್ತು ಅಥವಾ ಇಷ್ಟು ಪುಸ್ತಕ ಓದಿದರೆ ಸಣ್ಣ ಬಹುಮಾನ. ಹೆಚ್ಚಾಗಿ ಬೀನ್‌ಸ್ಟ್ಯಾಕ್ ಆ್ಯಪಿನಲ್ಲಿ ಬರೆದಿಡಬೇಕು. ದೊಡ್ಡವರಿಗೂ ಇದೆ. ಯಾವ ಭಾಷೆಯಲ್ಲಿ ಓದಿದರೂ ಓದೇ. ಅಜ್ಜ ಓದಿ ಹೇಳಿದ್ದನ್ನು ಕೇಳಿದರೂ ಚಿಕ್ಕ ಮಕ್ಕಳಿಗೆ ಅದು ಓದಿದ ಲೆಕ್ಕ. ಅಜ್ಜ ಅಜ್ಜಿ ಮನೆಯಲ್ಲಿರುವಾಗಲೇ ಇದಕ್ಕೆ ಸೇರಿಸಿ. ದಿನಕ್ಕೆ ಇಪ್ಪತ್ತು ನಿಮಿಷದ ಕನ್ನಡ ಕಥೆಗೆ ಮಕ್ಕಳು ತಾವಾಗಿ ಬಂದು ಕೂರುತ್ತಾರೆ, ಬಹುಮಾನದ ಆಸೆಗಾದರೂ.

ಒಳಗೆ ಊಟ ಮಾಡಬಹುದಾ?

ಮುಚ್ಚಳ ಇರುವ ಕಾಫಿ, ಒಣ ತಿಂಡಿ ಬಹಳ ಕಡೆ ನಡೆಯುತ್ತದೆ. ಪುಳಿಯೋಗರೆ ಡಬ್ಬಿ ತೆರೆಯಬೇಡಿ.

ಲೈಬ್ರೇರಿಯನ್ನಿಗೆ ಹಬ್ಬದ ಉಡುಗೊರೆ ಕೊಡಬಹುದಾ?

ಅವರು ಸರ್ಕಾರಿ ನೌಕರರು. ದುಡ್ಡು, ಗಿಫ್ಟ್ ಕಾರ್ಡ್ ಕೊಟ್ಟು ಮುಜುಗರ ಮಾಡಬೇಡಿ. ಮಗು ಬರೆದ ಚೀಟಿ ಕೊಡಿ. ಅದಕ್ಕಿಂತ ಒಳ್ಳೆಯದು ಆ ಶಾಖೆಯ ಮುಖ್ಯಸ್ಥರಿಗೆ ಹೆಸರು ಹೇಳಿ ನಾಲ್ಕು ಸಾಲಿನ ಇಮೇಲ್. ಬಜೆಟ್ ಕಡಿತದ ಮಾತು ಬಂದಾಗ ಅವರಿಗೆ ಇಂಥ ಕಾಗದಗಳೇ ಆಧಾರ.

ರಜೆ ಮುಗಿದ ಮೇಲೆ, ಜನವರಿಯಲ್ಲಿ ನೋಡಬೇಕಾದ್ದು ಏನಾದರೂ ಇದೆಯಾ?

ಟ್ಯಾಕ್ಸ್. ಫೆಬ್ರವರಿಯಿಂದ ಏಪ್ರಿಲ್ ಮಧ್ಯದವರೆಗೆ ಬಹಳ ಲೈಬ್ರರಿಗಳಲ್ಲಿ ಹಿರಿಯರ ಸಂಘವಾದ ಎಎಆರ್‌ಪಿಯ ಟ್ಯಾಕ್ಸ್-ಏಡ್ ಅಥವಾ ತೆರಿಗೆ ಇಲಾಖೆಯ ವೀಟಾ ಕಾರ್ಯಕ್ರಮದ ಸ್ವಯಂಸೇವಕರು ಕೂತು ಉಚಿತವಾಗಿ ರಿಟರ್ನ್ ತುಂಬಿಕೊಡುತ್ತಾರೆ. ಅದಕ್ಕೆ ಸಮಯ ಕಾದಿರಿಸುವುದು ಜನವರಿಯಲ್ಲೇ ಶುರುವಾಗಬಹುದು. ವೀಟಾಗೆ ಆದಾಯದ ಮಿತಿ ಇದೆ, ಟ್ಯಾಕ್ಸ್-ಏಡ್‌ಗೆ ಇಲ್ಲ. ಆದರೆ ಊರಲ್ಲಿರುವ ಮನೆಯ ಬಾಡಿಗೆಯಂಥ ಆದಾಯ ಇದ್ದರೆ ಅದು ಅವರ ವ್ಯಾಪ್ತಿಗೆ ಬರದಿರಬಹುದು. ಸಮಯ ಕೇಳುವಾಗಲೇ ಹೇಳಿ, ಇಲ್ಲದಿದ್ದರೆ ಕಾಗದದ ಕಟ್ಟು ಹಿಡಿದು ಹಾಗೇ ವಾಪಸ್ ಬರಬೇಕಾಗುತ್ತದೆ.